ನಮ್ಮ ಒಲೆಯ ಮುಂದೆ ಅಭ್ಯರ್ಥಿ

ನನ್ನ ಹೆಂಡತಿ ದೇಶದ ಅಧ್ಯಕ್ಷ ಪದವಿಗೆ ನಿಂತಾಗ ನನ್ನ ಪಾಲಿಗೆ ಬಂದ ಕೆಲಸ, ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸುಮ್ಮನೆ ಕೂರುವುದು.

ಅಪ್ಪಣೆ ಕೊಟ್ಟವರು ಪಕ್ಷದ ಪ್ರಚಾರ ನೋಡಿಕೊಳ್ಳುವ ಮಹಾಶಯರು. ಬಾಯಿ ತೆರೆದರೆ ಸಲಹೆ, ಅದಕ್ಕೇ ನಾನವರಿಗೆ ಸಲಹೆಸಾಹೇಬರು ಅಂತ ಹೆಸರಿಟ್ಟಿದ್ದೆ. ನನ್ನವಳು ಆರು ವರ್ಷ ಆರೋಗ್ಯ ಮಂತ್ರಿಯಾಗಿದ್ದಳು ಅನ್ನುವುದು ಜನರಿಗೆ ಸಾಲದಂತೆ. ಮನೆಯನ್ನೂ ತೂಗಿಸಿಕೊಂಡು ಹೋಗುತ್ತಾಳೆ ಅಂತ ಕಣ್ಣಾರೆ ಕಂಡರೇ ಓಟು ಬೀಳುವುದಂತೆ. ಹಾಗಾಗಿ ಅವಳು ನಮ್ಮ ಅಡುಗೆಮನೆಯಲ್ಲಿ ಅಡುಗೆ ಮಾಡುವುದು ಟೀವಿಯಲ್ಲಿ ನೇರಪ್ರಸಾರ. ಸೋಲಿನ ಭಯಕ್ಕೆ ಅವಳು ಒಪ್ಪಿದಳು. ಅವಳ ಗೆಲುವಿಗೆ ಅಡ್ಡಗಾಲು ಹಾಕಿದೆ ಅನ್ನಿಸಿಕೊಳ್ಳುವ ಭಯಕ್ಕೆ ನಾನೂ ಒಪ್ಪಿದೆ. ಆದರೆ ಮೈಯೆಲ್ಲ ಉರಿಯುತ್ತಿತ್ತು.

ಯಾಕೆಂದರೆ ಆ ಅಡುಗೆಮನೆ ನನ್ನದು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಬೇಯಿಸುವವನು ನಾನು, ಮನೆಯಲ್ಲೂ ಸೌಟು ನನ್ನ ಕೈಯಲ್ಲೇ. ಅವಳಿಗೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತಲೂ ಗೊತ್ತಿಲ್ಲ. ಸಾಲದ್ದಕ್ಕೆ ನಮ್ಮ ಗ್ಯಾಸ್ ಒಲೆ ರಿಪೇರಿಯಾದಾಗಿನಿಂದ ಎಡಗಡೆಯ ತಿರುಪು ಬಲಗಡೆಯ ಉರಿಗೆ, ಬಲಗಡೆಯದು ಎಡಗಡೆಗೆ. ನನಗೆ ಕೈರೂಢಿ, ಅವಳಿಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಎರಡೂ ಹಚ್ಚಿ, ಬಲಗಡೆ ನೀರು, ಎಡಗಡೆ ಎಣ್ಣೆ ಇಟ್ಟು ಕೋಣೆ ಸೇರಿದೆ.

ಪ್ರಸಾರ ಶುರುವಾಯಿತು. ಟೀವಿಯ ನಿರೂಪಕರು ಮಕ್ಕಳ ಊಟ ವಿಚಾರಿಸಿದರು, ಅತ್ತೆಯ ಜೊತೆ ಹೇಗೆ ಹೊಂದಿಕೊಂಡಿದ್ದಾಳೆ ಅಂತ ವಿಚಾರಿಸಿದರು. ಅವಳು ಈರುಳ್ಳಿ ಹೆಚ್ಚುತ್ತಾ ಉತ್ತರ ಹೇಳುತ್ತಿದ್ದಳು. ಆ ಚಾಕುವಿನ ಸದ್ದು ಕೇಳಿಯೇ ನನಗೆ ಕಸಿವಿಸಿ. ಅಷ್ಟರಲ್ಲಿ ಎಣ್ಣೆ ಹೊಗೆಯಾಡುವ ವಾಸನೆ ಬಂತು. ಉರಿ ಸಣ್ಣ ಮಾಡುತ್ತೇನೆ ಅಂತ ಅವಳು ಎಡಗಡೆಯ ತಿರುಪನ್ನೇ ತಿರುಗಿಸಿರಬೇಕು, ಸಣ್ಣಗಾದದ್ದು ನೀರಿನ ಉರಿ, ಎಣ್ಣೆಯ ವಾಸನೆ ಇನ್ನೂ ಜೋರಾಯಿತು. ಹೊರಗೆ ಹೋದರೆ ಅವಳ ಚುನಾವಣೆ ಕೆಡುತ್ತದೆ, ಒಳಗೇ ಕೂತರೆ ಅವಳ ಮೈಕೈ ಸುಡುತ್ತದೆ.

ಎದ್ದು ಹೋದೆ. ಕ್ಯಾಮೆರಾದ ಎದುರೇ ಒಲೆ ಆರಿಸಿ, ಬಾಣಲೆಗೆ ಮುಚ್ಚಳ ಹಾಕಿದೆ. ಸಲಹೆಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತರು. ಹಾಗಾದರೆ ಈ ಮನೆಯಲ್ಲಿ ಅಡುಗೆ ಯಾರದು ಅಂತ ನಿರೂಪಕರು ಕೇಳಿದರು.

"ಇವರದು," ಅಂದಳು ನನ್ನವಳು. "ನನಗೆ ಅಡುಗೆ ಬರಲ್ಲ. ಆಸ್ಪತ್ರೆ ಕಟ್ಸೋದು ಬರುತ್ತೆ. ಅದರ ಬಗ್ಗೆ ಕೇಳಿ."

ನಿರೂಪಕರು ಕೈಯಲ್ಲಿದ್ದ ಹಾಳೆಯನ್ನು ಹಿಂದೆ ಮುಂದೆ ತಿರುವಿದರು. ಪಕ್ಕದಲ್ಲೇ ನಿಂತಿದ್ದ ನನಗೂ ಕಂಡಿತು. ಹನ್ನೆರಡು ಪ್ರಶ್ನೆ, ಎಲ್ಲವೂ ಮನೆ, ಮಕ್ಕಳು, ಗಂಡ, ಬಟ್ಟೆಬರೆ.

"ಅದನ್ನ ಬರ್ಕೊಂಡು ಬಂದಿಲ್ಲ ಮೇಡಂ," ಅಂದರು ಪಾಪ.

ಅವಳು ಸ್ಟೂಲು ಎಳೆದುಕೊಂಡು ಕೂತು ತಾನೇ ಶುರು ಮಾಡಿದಳು. ಹೆರಿಗೆ ನೋವು ತಿನ್ನುತ್ತಾ ಮೂವತ್ತು ಮೈಲಿ ಹೋಗಬೇಕಾದ ಹೆಂಗಸರ ಬಗ್ಗೆ, ಅವರ ಹತ್ತಿರಕ್ಕೇ ಡಾಕ್ಟರನ್ನು ಕಳಿಸುವ ಬಗ್ಗೆ, ಹದಿನೆಂಟು ನಿಮಿಷ ಮಾತಾಡಿದಳು. ನನಗೆ ಹೆಮ್ಮೆಯಾಯಿತು. ನಿರೂಪಕರನ್ನು ಚೆನ್ನಾಗಿ ಬೈಯಬೇಕು ಅಂದುಕೊಂಡಿದ್ದವನು ಅವರಿಗೊಂದು ಲೋಟ ನೀರು ಕೊಟ್ಟೆ. ಇಪ್ಪತ್ತು ವರ್ಷ ದಿನಾ ಬಡಿಸುತ್ತಾ, ಇನ್ನೊಂದು ಚೂರು ಹಾಕಲಾ ಅಂತ ಕೇಳಿದವನು ನಾನು. ಅವಳ ಈ ಕೆಲಸದ ಬಗ್ಗೆ ನಾನೂ ಒಂದು ದಿನ ಕೇಳಿರಲಿಲ್ಲ.