ಏಣಿಯ ಅಚ್ಚು

ವಿಸ್ಟನ್‌ಕೋಟ್ ಮೇನರ್ ಎಂಬ ಹಳೆಯ ಜಮೀನ್ದಾರಿ ಮನೆಯ ಪಶ್ಚಿಮದ ಗೋಡೆಯಲ್ಲಿ ಓಕ್ ಮರಕ್ಕಿಂತ ಸಿಮೆಂಟೇ ಹೆಚ್ಚಿತ್ತು. ನೂರಾರು ವರ್ಷ ಬರಿಮೈಯಲ್ಲಿ ಮಳೆಗೆ ನೆನೆದು ಬಿಸಿಲಿಗೆ ಒಣಗಿದ್ದ ತೊಲೆಗಳ ಬಿರುಕಿಗೆ ಡೆಸ್ಮಂಡ್ ಪ್ರಾಸರ್ ಸಿಮೆಂಟ್ ತುಂಬಿದ್ದ; ಪ್ರತಿ ಬೇಸಿಗೆ ಮೇಲೆ ಟಾರು ಬಳಿಯುತ್ತಿದ್ದ. ನಮ್ಮ ಕಡೆ ಹಳೆಯ ಮನೆಯೆಂದರೆ ಕಪ್ಪು ತೊಲೆ, ಬಿಳಿ ಗೋಡೆ. ಮೊದಲಿನಿಂದಲೂ ಹಾಗೇ ಇತ್ತೆಂದು ಎಲ್ಲರ ನಂಬಿಕೆ. ಒಳಹೊಕ್ಕ ನೀರಿಗೆ ಹೊರಬರುವ ದಾರಿ ಉಳಿದಿರಲಿಲ್ಲ.

ಹೋದ ಬೇಸಿಗೆ ಟಾರು ಬಳಿಯುವಾಗಲೇ ಡೆಸ್ಮಂಡ್ ಏಣಿಯಿಂದ ಬಿದ್ದು ಸತ್ತ. ಬುಡ ಹಿಡಿದಿದ್ದವನು ತಮ್ಮ ಲೆನ್. ಈಗ ಮನೆ ಅವನದು. ದುರಸ್ತಿಗೆ ಬಡಗಿಯಾದ ನನ್ನನ್ನು ಕರೆಸಿದವನೂ ಅವನೇ.

"ಕಾಲೇಜು ಓದಿ ಉಳಿ ಹಿಡಿದಿದೀಯ. ನಿಮ್ಮಪ್ಪ ಬೈಲಿಲ್ವಾ?" ಎಂದು ಮೊದಲ ದಿನ ಕೇಳಿದ್ದ.

"ಬೈದ್ರು. ಆಮೇಲೆ ಅವರ ಮನೆ ಸೋರೋಕೆ ಶುರುವಾಯ್ತು."

ಅವನು ನಕ್ಕು, ಅರ್ಧಕ್ಕೇ ನಿಲ್ಲಿಸಿದ. "ಪಬ್ಬಲ್ಲಿ ಕೇಳಿರ್ತೀಯ. ನಾನು ಏಣಿ ಬಿಟ್ಟೆ ಅಂತಾರೆ. ಬಿಟ್ಟೆನೋ ಇಲ್ವೋ ನಂಗೇ ಗೊತ್ತಿಲ್ಲ ಕಣಮ್ಮ. ಕೈಯಲ್ಲಿತ್ತು, ಆಮೇಲೆ ಇರಲಿಲ್ಲ."

ಇಂದು ಗೋಡೆಗೆ ಕಟ್ಟಿದ ಅಟ್ಟಣಿಗೆಯ ಮೇಲೆ ನಿಂತು, ಮೇಲಂತಸ್ತನ್ನು ಹೊತ್ತ ಅಡ್ಡತೊಲೆಯ ಸಿಮೆಂಟ್ ಬಿಡಿಸುತ್ತಿದ್ದೆ. ಅದರಲ್ಲೊಂದು ತೇಪೆ ಹೊಸದು. ಏಣಿ ಬೀಳುವಾಗ ತಾಗಿ ಅಲ್ಲಿ ಗುಳಿಯಾಯಿತೆಂದು, ಅಂತ್ಯಕ್ರಿಯೆಯ ಮಾರನೆಯ ದಿನ ಅಣ್ಣನಂತೆಯೇ ಸಿಮೆಂಟ್ ಮೆತ್ತಿ ಟಾರು ಬಳಿದೆನೆಂದು ಲೆನ್ ಹೇಳಿದ್ದ.

ತೇಪೆ ಇಡಿಯಾಗಿ ಕಿತ್ತು ಬಂತು. ಅದರ ಹಿಂಬದಿಯಲ್ಲಿ ಏಣಿಕಾಲಿನ ಮೇಲ್ತುದಿಯ ಆಕಾರ ಅಚ್ಚು ಹೊಡೆದಂತೆ ಮೂಡಿತ್ತು. ಬೀಳುವ ಏಣಿ ಮರವನ್ನು ಗೀರುತ್ತದೆ. ಇದು ನೆಟ್ಟಗೆ ಒಳಹೊಕ್ಕಿತ್ತು. ಗುಳಿಯೊಳಗೆ ಬೆರಳಿಟ್ಟೆ, ಸಿಮೆಂಟು, ಟಾರಿನಡಿ ನೀರು ನಿಂತು ಕೊಳೆತ ಓಕ್ ನಶ್ಯದಂತೆ ಉದುರಿತು. ಡೆಸ್ಮಂಡನ ಭಾರಕ್ಕೆ ತೊಲೆ ಕುಸಿದು, ಏಣಿಯ ಒಂದು ಕಾಲಿನ ಮೇಲ್ತುದಿ ಒಳಹೋಗಿ, ಏಣಿ ತಿರುಚಿ ಮಗುಚಿತ್ತು. ಕೆಳಗೆ ಎಂಥ ಕೈ ಹಿಡಿದಿದ್ದರೂ ನಿಲ್ಲುತ್ತಿರಲಿಲ್ಲ.

ಲೆನ್ ಚಹಾ ತಂದ. ಹೇಳದೆ ಇರಬಹುದಿತ್ತು. ಇಳಿದು ಬಂದು ತೇಪೆಯನ್ನು ಅವನ ಕೈಯಲ್ಲಿಟ್ಟೆ, ನನಗೆ ಕಂಡದ್ದನ್ನು ಹೇಳಿದೆ.

ಅವನು ಆ ಅಚ್ಚಿನ ಮೇಲೆ ಹೆಬ್ಬೆರಳಾಡಿಸಿದ.

"ಹಾಗಾದ್ರೆ ನಮ್ಮಣ್ಣ ಡೆಸ್ ಮಾಡಿದ ಕೆಲಸಾನೇ ಅವನನ್ನ..."

"ಅವರಿಗೆ ಗೊತ್ತಿರಲಿಲ್ಲ."

"ಊರಿಗೂ ಗೊತ್ತಾಗೋದು ಬೇಡ. ಈ ಮನೆ ಉಳಿಸ್ದೋನು ಅಂತ ಅವನ ಗೋರಿ ಕಲ್ಲಲ್ಲಿ ಕೆತ್ತಿಸಿದೀನಿ. ಅವನಿಗೆ ಇದ್ದಿದ್ದು ಅದೊಂದೇ." ತೇಪೆಯನ್ನು ಮಗುಚಿ ಹಿಡಿದು ಹೇಳಿದ: "ನಾನು ಬಿಟ್ಟೆ ಅಂತಲೇ ಇರ್ಲಿ. ನಂಗೆ ಅಭ್ಯಾಸ ಆಗಿದೆ."

"ನಿಮಗಾದ್ರೂ ಸಮಾಧಾನ ಆಗುತ್ತೇನೋ ಅಂದ್ಕೊಂಡೆ."

"ಸುತ್ತಿಗೆ ಕೊಡಮ್ಮ."

ತೇಪೆಯನ್ನು ಹೊಸ್ತಿಲ ಕಲ್ಲಿನ ಮೇಲಿಟ್ಟು, ಪುಡಿಯಾಗುವವರೆಗೂ ಬಡಿದ. ಪುಡಿಯನ್ನು ಬೂಟಿನಿಂದ ಹುಲ್ಲಿಗೆ ಸರಿಸಿದ.

ನಾನು ಮತ್ತೆ ಅಟ್ಟಣಿಗೆಯ ಏಣಿಯತ್ತ ಹೋದೆ. ಅವನು ಬಂದು ಬುಡ ಹಿಡಿದುಕೊಂಡ.

"ಕಟ್ಟಿದೆ, ಅಲ್ಲಾಡಲ್ಲ. ಬಿಡಿ."

"ನೀನು ಹತ್ತು."

ಕೊಳೆತ ತೊಲೆಯನ್ನು ಬಗೆಯುತ್ತ ಹೋದೆ. ಗಟ್ಟಿ ಮರ ಎಲ್ಲೂ ಸಿಗಲಿಲ್ಲ. ಕತ್ತಲಾದಾಗ ಕೆಳಗಿಳಿದು ಸಾಮಾನು ಜೋಡಿಸಿದೆ. ಅವನು ಇನ್ನೂ ಏಣಿ ಹಿಡಿದೇ ನಿಂತಿದ್ದ.