ತಿಪ್ಪೆಯಲ್ಲಿ ಒಡೆದ ಮೊಟ್ಟೆಗಳು

ತಿಪ್ಪೆಯಿಂದ ಚಿಂವ್‌ ಚಿಂವ್‌ ಸದ್ದು ಬರುತ್ತಿದೆ ಎಂದು ಮೊದಲು ಹೇಳಿದವನು ಕಾವಲುಗಾರ. ಬೆಳಗಿನ ಚಹಾದ ಹೊತ್ತಿಗೆ ದೀಪದ ಕೋಣೆಯ ಬಾಗಿಲಲ್ಲಿ ನಿಂತು, "ನಿಮ್ಮ ಸತ್ತ ಮೊಟ್ಟೆಗಳು ಎದ್ದು ಕೂತಿವೆ, ಬಂದು ನೋಡ್ರಮ್ಮಾ," ಎಂದು ನಕ್ಕ.

ಅತ್ತಿಗೆ, ನಾದಿನಿ ಇಬ್ಬರೂ ಹೋಗಿ ನೋಡಿದರು. ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಕಾವುಮನೆಯ ಹಿಂದೆ, ಮೂರು ದಿನದ ಕೆಳಗೆ ಎಸೆದಿದ್ದ ಮೊಟ್ಟೆಗಳ ರಾಶಿಯಲ್ಲಿ, ಗೊಬ್ಬರದ ಬಿಸಿಗೆ ಹತ್ತಾರು ಚಿಪ್ಪುಗಳು ಬಿರಿದು ಒದ್ದೆ ಮರಿಗಳು ಹೊರಳಾಡುತ್ತಿದ್ದವು. ಕೆಲವು ಆಗಲೇ ಇರುವೆ ಮುತ್ತಿ ಸುಮ್ಮನಾಗಿದ್ದವು. ಅತ್ತಿಗೆ ಬದುಕಿದ್ದವನ್ನು ಆಯ್ದು ಏಪ್ರನ್ನಿನ ಮಡಿಲಿಗೆ ಹಾಕಿಕೊಳ್ಳತೊಡಗಿದಳು. ನಾದಿನಿಗೆ ಮಾತ್ರ ಕೈ ಚಾಚಲಾಗಲಿಲ್ಲ.

"ಇವು ಸತ್ತಿವೆ ಅಂದದ್ದು ಯಾರೇ?"

"ಯಂತ್ರ," ಎಂದಳು ನಾದಿನಿ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಕಾವಿಗಿಟ್ಟ ಹದಿನೆಂಟನೆಯ ದಿನ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು, ಜೀವ ಇರುವುದನ್ನು ಉಳಿಸಿಕೊಂಡು ಇಲ್ಲದ್ದನ್ನು ಬೇರೆ ಮಾಡುವುದು ಅವರಿಬ್ಬರ ಕೆಲಸ. ಅತ್ತಿಗೆ ಇಪ್ಪತ್ತಾರು ವರ್ಷದಿಂದ ಅದನ್ನು ಅರೆದು ಕುಡಿದವಳು. ಗಂಡನ ಮನೆ ಬಿಟ್ಟು ಅಣ್ಣನ ಮನೆಗೆ ಬಂದ ನಾದಿನಿಯನ್ನು ಕೈಹಿಡಿದು ಕರೆತಂದು ಕೆಲಸ ಕಲಿಸಿದವಳೂ ಅವಳೇ. "ಅವಸರ ಮಾಡ್ಬೇಡ. ಚಿಪ್ಪು ದಪ್ಪ ಇದ್ರೆ ಬದುಕಿದ್ದೂ ಸತ್ತ ಹಾಗೇ ಕಾಣುತ್ತೆ. ಒಂದು ಉಸಿರು ಹೊತ್ತು ಹಿಡಿದಿರು. ನೆರಳು ಅಲುಗಿದ್ರೆ ಮರಿ ಇದೆ ಅಂತ," ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದಳು.

ಹೋದ ವರ್ಷ ಯಂತ್ರ ಬಂತು. ಅದು ತಟ್ಟೆಯ ಮೊಟ್ಟೆಗಳ ಫೋಟೋ ತೆಗೆದು, ಸತ್ತದ್ದು ಯಾವುದೆಂದು ತಾನೇ ಹೇಳುತ್ತಿತ್ತು. ಅನುಮಾನ ಬಂದದ್ದನ್ನು ಮಾತ್ರ ಪರದೆಯ ಮೇಲೆ ತೋರಿಸಿ, 'ಇದು ಸತ್ತಿದೆ, ಸರಿಯೇ?' ಎಂದು ಕೇಳುತ್ತಿತ್ತು. ಆ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿ, ಸರಿಯಾಗಿದ್ದರೆ ಹಸಿರು ಬಟನ್, ತಪ್ಪಾಗಿದ್ದರೆ ಕೆಂಪು ಬಟನ್ ಒತ್ತಬೇಕು. "ಅದು ಎಳೆಮಗು ಇದ್ದ ಹಾಗೆ. ನೀವು ಹೇಳಿಕೊಟ್ಟದ್ದನ್ನ ಕಲಿಯುತ್ತೆ," ಎಂದಿದ್ದ ಕಂಪನಿಯವನು. ಹಿರಿಯಳೆಂದು ಅತ್ತಿಗೆಯ ಹೆಸರಿನಲ್ಲೇ ಅದು ತೆರೆದುಕೊಳ್ಳುತ್ತಿತ್ತು. ಅತ್ತಿಗೆ ಒಂದು ವಾರ ಅದರೆದುರು ಕೂತು ಸಾಕಪ್ಪಾ ಸಾಕು ಅಂದಳು. "ಕೂತಲ್ಲೇ ಪ್ರಶ್ನೆ ಕೇಳೋದು ನೋಡು, ಥೇಟ್ ನಿಮ್ಮಮ್ಮನೇ! ಒಬ್ಬ ಅತ್ತೆಗೆ ಉತ್ತರ ಕೊಟ್ಟು ಸುಸ್ತಾಗಿದೆ. ಇದನ್ನ ನೀನೇ ನೋಡ್ಕೋ ತಾಯಿ." ಹಾಗೆಂದು ತಾನು ತಟ್ಟೆ ಹೊರುವ ಕೆಲಸ ಹಿಡಿದಳು.

ಮೊದಲ ತಿಂಗಳು ನಾದಿನಿ ಒಂದನ್ನೂ ಬಿಡದೆ ದೀಪಕ್ಕೆ ಹಿಡಿದಳು. ನೋಡಿದಾಗಲೆಲ್ಲ ಹೆಚ್ಚುಕಡಿಮೆ ಯಂತ್ರ ಹೇಳಿದ್ದೇ ಸರಿ ಇರುತ್ತಿತ್ತು. ಎರಡನೆಯ ತಿಂಗಳು ಹತ್ತರಲ್ಲಿ ಒಂದನ್ನು ನೋಡಿದಳು. ಆಮೇಲೆ ಕಣ್ಣು ಮೊಬೈಲಿನ ಮೇಲೆ, ಬೆರಳು ಹಸಿರಿನ ಮೇಲೆ. ಯಂತ್ರ ಕೇಳುತ್ತಿತ್ತು, ಬೆರಳು ಹೂಂಗುಟ್ಟುತ್ತಿತ್ತು.

"ಎಲ್ಲಾ ನೋಡಿದ್ಯೇನೇ?" ಎಂದು ಅತ್ತಿಗೆ ಖಾಲಿ ತಟ್ಟೆ ಎತ್ತುತ್ತ ಕೇಳುವಳು.

"ನೋಡಿದೆ ಅತ್ತಿಗೆ."

ಮಧ್ಯಾಹ್ನ ಮ್ಯಾನೇಜರು ಇಬ್ಬರನ್ನೂ ಕರೆಸಿದರು. ಕಂಪನಿಯವನು ಆಗಲೇ ಬಂದು ಕೂತಿದ್ದ. "ಯಂತ್ರದ ತಪ್ಪಲ್ಲ ಸಾರ್," ಎಂದು ಅವನು ಪರದೆ ತಿರುಗಿಸಿ ತೋರಿಸಿದ. "ದಪ್ಪ ಚಿಪ್ಪಿನದರಲ್ಲಿ ಅದಕ್ಕೆ ಅನುಮಾನ ಇತ್ತು, ಪ್ರತಿ ಸಲ ಕೇಳಿದೆ. ಪ್ರತಿ ಸಲ 'ಸರಿ' ಅಂತಲೇ ಉತ್ತರ ಬಂದಿದೆ. ಅದನ್ನೇ ಕಲಿತಿದೆ. ಈಗ ಕೇಳೋದನ್ನೂ ಬಿಟ್ಟಿದೆ." ಉತ್ತರಗಳ ಸಾಲಿನುದ್ದಕ್ಕೂ ಇದ್ದದ್ದು ಅತ್ತಿಗೆಯ ಹೆಸರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾದಿನಿ ತನಗೆ ತಿಳಿಯದೆ ಬಲಗೈ ಬೆರಳುಗಳನ್ನು ಏಪ್ರನ್ನಿನೊಳಗೆ ಮುಚ್ಚಿಕೊಂಡಳು.

ಅತ್ತಿಗೆ ಬಹಳ ಹೊತ್ತು ಪರದೆಯನ್ನೇ ನೋಡಿ, "ಬಟನ್ ಒತ್ತಿದ್ದು ಇವಳು ಸಾರ್. ಆದ್ರೆ ಇವಳು ನೋಡದೆ ಒತ್ತೋಳಲ್ಲ. ಎಸೆಯೋ ಮುಂಚೆ ನಾನೂ ನಾಲ್ಕಾರನ್ನ ದೀಪಕ್ಕೆ ಹಿಡೀತಿದ್ದೆ, ಒಂದರಲ್ಲೂ ಜೀವ ಕಾಣ್ಲಿಲ್ಲ. ಇವಳಿಗೆ ನೋಡೋದು ಕಲಿಸಿದ್ದು ನಾನು. ಕಲಿಸಿದ ಕಣ್ಣೇ ಮಂಜಾಗಿರ್ಬೇಕು," ಎಂದಳು.

ಈಗ ಹೇಳಬೇಕು, ಈಗಲೇ, ಎಂದುಕೊಂಡಳು ನಾದಿನಿ.

"ನಾಲ್ಕು ದಿನ ಮನೇಲಿರಿ ಅಕ್ಕಾ, ಆಮೇಲೆ ನೋಡೋಣ," ಎಂದರು ಮ್ಯಾನೇಜರು. ಆ 'ಆಮೇಲೆ' ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮರುದಿನ ನಾದಿನಿ ಕೆಲಸ ಮುಗಿಸಿ ಬಂದಾಗ ಅತ್ತಿಗೆ ಕಿಟಕಿಯ ಬೆಳಕಿಗೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಒಂದೇ ಸಲಕ್ಕೆ ಹೋಯಿತು. ಎಳೆದು ತೆಗೆದು ಮತ್ತೆ ಪೋಣಿಸಿದಳು. "ಇದು ಕೈಯ ಅಭ್ಯಾಸ, ಕಣ್ಣಿನದಲ್ಲ," ಎಂದು ತನಗೆ ತಾನೇ ಹೇಳಿಕೊಂಡು, ಕಾಳು ತುಂಬಿದ್ದ ಮೊರವನ್ನು ನಾದಿನಿಯತ್ತ ತಳ್ಳಿದಳು. "ಕಲ್ಲು ನೀನೇ ಆರಿಸಿಬಿಡೇ. ನಾನು ಆರಿಸಿ ನಿಮ್ಮಣ್ಣನ ಹಲ್ಲು ಮುರಿದ್ರೆ ಆ ಅಪವಾದ ಬೇರೆ."

ನಾದಿನಿ ಮೊರ ಮುಟ್ಟಲಿಲ್ಲ.

"ನಾನು ನೋಡಿರ್ಲಿಲ್ಲ ಅತ್ತಿಗೆ."

"ಯಾವ್ದನ್ನ?"

"ಯಾವ್ದನ್ನೂ. ತಿಂಗಳುಗಟ್ಟಲೆ ಸುಮ್ನೆ ಹಸಿರು ಒತ್ತಿದೀನಿ. ನಿಮ್ಗೆ ನೋಡಿದೆ ಅಂದದ್ದೆಲ್ಲ ಸುಳ್ಳು."

ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿ ಕಾದಳು. ಬರಲಿಲ್ಲ. ಕತ್ತೆತ್ತಿದರೆ ಅತ್ತಿಗೆಯ ಮುಖ ಅರಳಿತ್ತು.

"ಹಾಗಾದ್ರೆ ನನ್ನ ಕಣ್ಣು ಸರಿಯಾಗೇ ಇದ್ಯಾ?"

ಆ ಸಂತೋಷ ನಾದಿನಿಯ ಎದೆಗೆ ಇರಿದಂತಾಯಿತು. ಸ್ವಲ್ಪ ಹೊತ್ತಿನಲ್ಲೇ ಅದು ಅತ್ತಿಗೆಯ ಮುಖದಿಂದ ಇಳಿಯಿತು. ಅವಳು ಮೊರವನ್ನು ತನ್ನ ಕಡೆ ಎಳೆದುಕೊಂಡು, ಒಂದೊಂದೇ ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ಎಲ್ಲರೆದುರು ನಾನು ಹಾಗಂದಾಗ ನೀನು ಪಕ್ಕದಲ್ಲೇ ನಿಂತಿದ್ದೆ," ಎಂದಳು ಕೊನೆಗೆ. "ನಾಳೆ ನಾನೂ ಬರ್ತೀನಿ. ಅಲ್ಲೇ ಹೇಳು."

ಮರುದಿನ ನಾದಿನಿ ಹೇಳಿದಳು. ಮ್ಯಾನೇಜರು ಪೆನ್ನು ಕೆಳಗಿಟ್ಟು, "ನೀವು ಇವತ್ತಿಂದ್ಲೇ ಕೆಲಸಕ್ಕೆ ಬನ್ನಿ. ಇವಳು ನಿಮ್ಮ ಮನೆಯವಳು. ಇಟ್ಕೊಳ್ಳೋದೋ ಕಳಿಸೋದೋ, ನೀವೇ ಹೇಳಿ ಅಕ್ಕಾ," ಎಂದರು.

"ಇರ್ಲಿ ಸಾರ್," ಎಂದಳು ಅತ್ತಿಗೆ, ನಾದಿನಿಯ ಕಡೆ ತಿರುಗದೆ. "ತಟ್ಟೆ ತೊಳೀಲಿ, ಮರಿಗೆ ನೀರಿಡ್ಲಿ. ದೀಪದ ಕೋಣೆ ಮಾತ್ರ ಬೇಡ."

ನಾದಿನಿ ಹೂಂ ಎಂದು ತೊಟ್ಟಿಯ ಕಡೆ ನಡೆದಳು. ಹೊರೆ ಇಳಿದಂತೆ ಮೈ ಹಗುರಾಗಿತ್ತು. ಹಗುರಾಯಿತಲ್ಲ ಎಂದು ನಾಚಿಕೆಯಾಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ಮೊದಲ ತಟ್ಟೆಯನ್ನು ಉಜ್ಜಲು ಕೂತಳು.