ಸಾಯ್ರಾಳ ಮಗ

ಬೀನ್ಸ್ ಒಕ್ಕಿ ಕಾಳನ್ನು ಚೀಲಕ್ಕೆ ತುಂಬಿದ ವಾರವೇ ನಮ್ಮ ತಲಾಸ್ ಕಣಿವೆಯ ಗಂಡಸರಿಗೆ ವಾಲಿಬಾಲ್ ಹುಚ್ಚು ಹಿಡಿಯುತ್ತದೆ. ಎಂಟು ಊರು, ಎಂಟು ಕ್ಲಬ್ಬು. ಅಕ್ಟೋಬರಿನಿಂದ ಮಾರ್ಚಿನ ನೊರೂಜ್ ಹಬ್ಬದವರೆಗೆ ಶಾಲೆಗಳ ಆಟದ ಕೊಠಡಿಗಳಲ್ಲಿ ಪಂದ್ಯ. ಕೋಕ್-ಜಿಲ್ಗಾ ಕ್ಲಬ್ಬಿಗೆ ಸ್ಕೋರ್ ಶೀಟು ಬರೆಯುವವಳು ನಾನು, ಬೇಗಾಯಿಮ್. ಅಕ್ಷರ ದುಂಡಗಿದೆ, ಬಾಯಿ ಕಡಿಮೆ ಎಂದು ನನ್ನನ್ನು ಆರಿಸಿದರು. ಬಾಯಿ ಕಡಿಮೆ ಎಂಬುದು ಅವರ ಅಂದಾಜು.

ಈ ಸಲ ಮೊದಲ ಮೂರು ಪಂದ್ಯ ಸೋತೆವು. ಚೆಂಡು ಎತ್ತಿಕೊಡುವ ನಮ್ಮ ಲಿಫ್ಟರ್ ಒಕ್ಕುವ ಯಂತ್ರಕ್ಕೆ ಬೆರಳು ಕೊಟ್ಟು ಮನೆಯಲ್ಲಿ ಕೂತಿದ್ದ. ಡಿಸೆಂಬರಿನಲ್ಲಿ ಕ್ಲಬ್ಬಿನ ಅಧ್ಯಕ್ಷ ತೊಲೊಮುಶ್ ರಾಜಧಾನಿ ಬಿಷ್ಕೆಕ್‌ನಿಂದ ಒಬ್ಬನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದ. ಹೆಸರು ಎಲಾಮಾನ್, ವಯಸ್ಸು ಇಪ್ಪತ್ನಾಲ್ಕು.

ನಮ್ಮ ಲೀಗಿನಲ್ಲಿ ಹೊರಗಿನವರು ಆಡುವಂತಿಲ್ಲ. ಊರಲ್ಲಿ ಹುಟ್ಟಿರಬೇಕು, ಇಲ್ಲವೇ ಊರಿನ ಹೆಣ್ಣುಮಗಳ ಮಗ, ಅಂದರೆ ಜಿಯೆನ್ ಆಗಿರಬೇಕು. ಜಿಯೆನ್‌ಗೆ ತಾಯಿಯ ಊರಿನ ಗಂಡಸರೆಲ್ಲ ಸೋದರಮಾವಂದಿರೇ. ಅವನು ಒಂದು ಸಲ ಬಾಯಿಬಿಟ್ಟು ಏನನ್ನು ಕೇಳಿದರೂ ಇಲ್ಲ ಎನ್ನುವಂತಿಲ್ಲ. ಕುದುರೆ ಕೇಳಿದರೆ ಕುದುರೆ, ಬೇಟೆನಾಯಿ ಕೇಳಿದರೆ ಬೇಟೆನಾಯಿ.

ತೊಲೊಮುಶ್ ಶೀಟಿನಲ್ಲಿ ತಾಯಿಯ ಹೆಸರಿನ ಜಾಗದ ಮೇಲೆ ಬೆರಳಿಟ್ಟು, "ಸಾಯ್ರಾ ಅಂತ ಬರಿ," ಎಂದ.

ಸಾಯ್ರಾ ನನ್ನ ಅತ್ತೆ, ಅಪ್ಪನ ತಂಗಿ. ಇಪ್ಪತ್ತಾರು ವರ್ಷದ ಹಿಂದೆ ಇದೇ ಶಾಲೆಗೆ ಪಂದ್ಯ ನೋಡಲು ಬಂದಿದ್ದಳು. ನಿನ್ನಣ್ಣ ಕರೆಯುತ್ತಿದ್ದಾನೆ ಎಂದು ಯಾರೋ ಅವಳನ್ನು ಬಾಗಿಲಾಚೆ ಕರೆದರು. ಆಚೆ ಕಾರು ನಿಂತಿತ್ತು. ಎದುರು ತಂಡದವನೊಬ್ಬನಿಗೆ ಅವಳು ಬೇಕಾಗಿದ್ದಳು. ಕೇಳುವ ಗೋಜಿಗೆ ಹೋಗದೆ ಎತ್ತಿಕೊಂಡು ಹೋದರು. ಅವನ ಮನೆಯ ಹೆಂಗಸರು ಅವಳ ತಲೆಗೆ ಬಿಳಿ ವಸ್ತ್ರ ಕಟ್ಟಿದರು, ಅಲ್ಲಿಗೆ ಮದುವೆ ಆದಂತೆ. ಅವಳ ತಾಯಿ, ನನ್ನ ಅಜ್ಜಿ, ಕರೆತರಲು ಹೊರಟಾಗ ಊರಿನ ಗಂಡಸರು ದಾರಿಗೆ ಅಡ್ಡ ನಿಂತರು. ಹುಡುಗಿ ಹಿಂದೆ ಬಂದರೆ ಊರಿನ ಮಾನ ಹೋಗುತ್ತದಂತೆ. ಎರಡು ವರ್ಷ ಕಳೆದು ಸಾಯ್ರಾ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಅವಳನ್ನು ಬಾಗಿಲಾಚೆ ಕರೆದವನು ತೊಲೊಮುಶ್, ಆಗಿನ ಕ್ಯಾಪ್ಟನ್. ಊರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ.

ಆ ಮಗು ಬದುಕಿದ್ದರೆ ಈಗ ಇಪ್ಪತ್ನಾಲ್ಕು. ಈ ಮನುಷ್ಯ ವಯಸ್ಸು ಕೂಡಿಸಿ ನೋಡಿಕೊಂಡೇ ಆಳನ್ನು ತಂದಿದ್ದ.

ನನ್ನನ್ನು ಅಜ್ಜಿ ಕಥೆಗಳಲ್ಲೇ ಬೆಳೆಸಿದಳು. ಏಳು ತಲೆಯ ಮುದುಕಿ ಹೊತ್ತೊಯ್ದ ಹುಡುಗಿಯರು ಓಡುತ್ತಾ ಬಾಚಣಿಗೆ ಎಸೆದರೆ ಹಿಂದೆ ಕಾಡು ಏಳುತ್ತಿತ್ತು, ಕನ್ನಡಿ ಎಸೆದರೆ ಸರೋವರ. ಎಲ್ಲರೂ ಮನೆ ಸೇರುತ್ತಿದ್ದರು. ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ, ಸಾಯ್ರಾ ಅತ್ತೆಯ ಹತ್ತಿರ ಬಾಚಣಿಗೆ ಇರಲಿಲ್ಲವೇ ಎಂದು. ಅಜ್ಜಿ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದಳು.

ನಾನು ಪೆನ್ನು ಕೆಳಗಿಟ್ಟೆ. "ಅಣ್ಣಾ, ಬೇರೆ ಯಾರ ಹೆಸರಾದ್ರೂ ಹಾಕ್ಕೊಳ್ಳಿ. ಇದು ಬೇಡ."

"ಬೇರೆಯವರೆಲ್ಲ ಬದುಕಿದಾರಲ್ಲಮ್ಮ, ಬಂದು ಜಗಳ ತೆಗೀತಾರೆ," ಎಂದು ನಕ್ಕು, ನನ್ನದೇ ಪೆನ್ನು ಎತ್ತಿಕೊಂಡು ತಾನೇ ಬರೆದ. ಅವನ ಅಕ್ಷರ ಸೊಟ್ಟಗಿತ್ತು. ಅಧ್ಯಕ್ಷನ ಕೈಬರಹವನ್ನು ಯಾರು ನೋಡುತ್ತಾರೆ?

ಆಮೇಲೆ ಗೆಲ್ಲತೊಡಗಿದೆವು. ಎಲಾಮಾನ್ ಎತ್ತಿದ ಚೆಂಡು ನೆಟ್ಟಿನ ಮೇಲೆ ಒಂದು ಉಸಿರಿನಷ್ಟು ಹೊತ್ತು ನಿಂತು ಯಾರನ್ನೋ ಹುಡುಕುವಂತಿರುತ್ತಿತ್ತು. ಬೇರೆ ವರ್ಷವಾಗಿದ್ದರೆ ಅದನ್ನೇ ನೋಡುತ್ತಾ ಅಂಕ ಬರೆಯುವುದನ್ನು ಮರೆಯುತ್ತಿದ್ದೆ. ಈ ವರ್ಷ ನನಗೆ ಕೇಳಿಸಿದ್ದು ಒಂದೇ. ಅವನು ಸರ್ವ್ ಮಾಡಲು ಹೋದಾಗಲೆಲ್ಲ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತಾ ಊರಿನ ಗಂಡಸರು ಸಾಯ್ರಾಳ ಮಗ, ಸಾಯ್ರಾಳ ಮಗ ಎಂದು ಕೂಗುತ್ತಿದ್ದರು. ಅವಳ ತಿಥಿಯ ಊಟದಲ್ಲೂ ಆ ಹೆಸರೆತ್ತದ ಬಾಯಿಗಳು. ನನ್ನ ಪೆನ್ನಿನ ಮೊನೆ ಕಾಗದ ತೂರಿ ಮೇಜಿಗೆ ತಾಗುತ್ತಿತ್ತು.

ಒಂದು ದಿನ ಎಲಾಮಾನ್ ಬೂಟಿನ ದಾರ ಕಟ್ಟಿಕೊಳ್ಳುತ್ತಾ ಸಾಯ್ರಾ ಯಾರು ಎಂದು ನನ್ನನ್ನು ಕೇಳಿದ. ನಿಮ್ಮ ಅಧ್ಯಕ್ಷರನ್ನೇ ಕೇಳು ಎಂದೆ. ಕೇಳಿದನಂತೆ, ಯಾರೋ ಹಳೇ ಹೆಂಗಸು ಎಂದನಂತೆ ತೊಲೊಮುಶ್. ಸಾಯುವಾಗ ಅವಳಿಗೆ ಇಪ್ಪತ್ತೊಂದು.

ಮಾರ್ಚಿನ ಫೈನಲ್ ನಮ್ಮ ಊರಲ್ಲೇ, ಚೋನ್-ತಾಲ್ ಕ್ಲಬ್ಬಿನ ಎದುರು. ಪಂದ್ಯಕ್ಕೆ ನಾಲ್ಕು ದಿನವಿರುವಾಗ ಅವರು ತಕರಾರು ತೆಗೆದರು: ಜಿಯೆನ್ ಹೌದಾದರೆ ತಾಯಿಯ ತಾಯಿಯೇ ಬಂದು ಹೇಳಲಿ. ಲೀಗಿನ ತಕರಾರು ಕೇಳುವ ಮೂವರು ಹಿರಿಯರು ಒಪ್ಪಿದರು. ಅಜ್ಜಿ ಸುಳ್ಳಾಡುವವಳಲ್ಲ ಎಂದು ಕಣಿವೆಗೆಲ್ಲ ಗೊತ್ತು.

ತೊಲೊಮುಶ್ ರೇಷ್ಮೆಯ ತಲೆವಸ್ತ್ರ, ಮಿಠಾಯಿ ಡಬ್ಬಿ ಹಿಡಿದು ಮನೆಗೆ ಬಂದ. ಅಜ್ಜಿ ಎರಡನ್ನೂ ಮುಟ್ಟಲಿಲ್ಲ.

"ಅಮ್ಮಾ, ಒಂದೇ ಒಂದು ಸಲ ಹೌದು ಅಂದ್ಬಿಡಿ," ಎಂದ. "ಮೂವತ್ತು ವರ್ಷ ಆಯ್ತು ಈ ಊರಿಗೆ ಕಪ್ ಬಂದು."

ಅಜ್ಜಿ ಬರುತ್ತೇನೆ ಎಂದಳು. ಅವನು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಅಂದೆ. ಮಗಳನ್ನು ಒಮ್ಮೆ ಬಿಟ್ಟುಕೊಟ್ಟದ್ದು ಸಾಲದೇ, ಈಗ ಅವಳ ಹೆಸರನ್ನೂ ಕೊಡುತ್ತೀಯಾ ಎಂದೂ ಅಂದುಬಿಟ್ಟೆ. ಅಜ್ಜಿ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದಳು. ಬಟ್ಟಲು ತುಂಬಿಸಿ ನನ್ನ ಮುಂದೆ ಇಟ್ಟಳು.

ಫೈನಲ್ಲಿನ ದಿನ ಕೊಠಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿರಿಯರಲ್ಲಿ ದೊಡ್ಡವರಾದ, ನಮ್ಮ ಊರಿನವರೇ ಆದ ಸಾತಾರ್ ಅಜ್ಜ, ಇವನು ನಿನ್ನ ಮಗಳ ಮಗನೇ ಎಂದು ಅಜ್ಜಿಯನ್ನು ಕೇಳಿದರು. ಎಲಾಮಾನ್ ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದ. ಅಜ್ಜಿ ಅವನ ಗದ್ದ ಹಿಡಿದೆತ್ತಿ ಮುಖ ನೋಡಿದಳು.

"ಹೌದು. ನನ್ನ ಸಾಯ್ರಾಳ ಮಗ."

ಊರು ಭೋರ್ಗರೆಯಿತು. ತೊಲೊಮುಶ್ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದ. ಶೀಟನ್ನು ಹರಿದು ಅವನ ಬಾಯಿಗೆ ತುರುಕಬೇಕೆನಿಸಿತು.

ಸದ್ದು ಇಳಿಯುವವರೆಗೆ ಅಜ್ಜಿ ಕಾದಳು. ಆಮೇಲೆ ಸಾತಾರ್ ಅಜ್ಜನತ್ತ ತಿರುಗಿ, "ಜಿಯೆನ್ ಅಂದ್ಮೇಲೆ ಅವನಿಗೊಂದು ಕೇಳೋ ಹಕ್ಕಿದೆ ತಾನೆ?" ಎಂದಳು. ಇದೆ ಎಂದರು ಅವರು. "ಹಂಗಾದ್ರೆ ಕೇಳು ಮಗಾ. ಕುದುರೆ ಬೇಡ, ನಾಯಿ ಬೇಡ. ನಿಮ್ಮಮ್ಮನ್ನ ಈ ಬಾಗಿಲಿಂದ ಆಚೆಗೆ ಕರೆದೋರು ಯಾರು ಅಂತ ನಿನ್ನ ಮಾವಂದಿರನ್ನ ಕೇಳು."

ಎಲಾಮಾನ್ ಅಜ್ಜಿಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಏನು ಅರ್ಥವಾಯಿತೋ, ಎಷ್ಟು ಅರ್ಥವಾಯಿತೋ. ಗಂಡಸರ ಸಾಲಿನತ್ತ ತಿರುಗಿ ಕೇಳಿದ:

"ನಮ್ಮಮ್ಮನ್ನ ಕರೆದೋರು ಯಾರು?"

ಸಿಪ್ಪೆ ಉಗಿಯುವ ಸದ್ದೂ ನಿಂತಿತು. ಆಟಕ್ಕೆ ಹೊತ್ತಾಯಿತು ಎಂದು ತೊಲೊಮುಶ್ ಗೊಣಗಿದ. ಜಿಯೆನ್ ಕೇಳಿದ್ದಾನೆ, ಹೇಳದೆ ಆಟವಿಲ್ಲ ಎಂದರು ಸಾತಾರ್ ಅಜ್ಜ. ಒಂದೊಂದೇ ತಲೆ ತೊಲೊಮುಶ್‌ನತ್ತ ತಿರುಗಿತು. ಅವನ ಕುತ್ತಿಗೆ ಕೆಂಪಾಗಿದ್ದನ್ನು ನಾನು ಕಣ್ತುಂಬ ನೋಡಿದೆ.

"ಇವನ್ಯಾವ ಜಿಯೆನ್?" ಎಂದ ಕೊನೆಗೆ. "ಬಿಷ್ಕೆಕ್‌ನಿಂದ ಕರ್ಕೊಂಡು ಬಂದಿದ್ದು. ಆ ಮಗು ತಾಯಿ ಜೊತೆಗೇ ಹೋಯ್ತು."

"ಹೋಯ್ತು," ಎಂದಳು ಅಜ್ಜಿ. "ನಿನಗೂ ಗೊತ್ತಿತ್ತು."

ಕೋಕ್-ಜಿಲ್ಗಾ ಡಿಸೆಂಬರಿನಿಂದ ಗೆದ್ದ ಪಂದ್ಯಗಳನ್ನೆಲ್ಲ ಹಿರಿಯರು ರದ್ದು ಮಾಡಿದರು. ಕಪ್ ಚೋನ್-ತಾಲ್‌ಗೆ ಹೋಯಿತು. ಆಗ ಎದ್ದಿತು ನಮ್ಮ ಗಂಡಸರ ಗಲಾಟೆ, ಬೆಂಚು ಉರುಳಿತು. ಮುದುಕಿ ಊರಿನ ಮರ್ಯಾದೆ ತೆಗೆದಳು, ಇಷ್ಟು ದಿನ ಸುಮ್ಮನಿದ್ದವಳಿಗೆ ಇವತ್ತೇ ಏನು ಬಂದಿತ್ತು ಎಂದರು. ತೊಲೊಮುಶ್‌ನ ಬೆನ್ನು ತಟ್ಟಿದವರೂ ಇದ್ದರು. ಸಾಯ್ರಾಳನ್ನು ಹೊತ್ತೊಯ್ದ ಕಾರಿನ ಮಾತನ್ನು ಒಬ್ಬನೂ ಎತ್ತಲಿಲ್ಲ. ಅಜ್ಜಿ ಎಲಾಮಾನ್‌ನ ತೋಳು ಹಿಡಿದು, ಊಟಕ್ಕೆ ಬಾ ಎಂದು ಅವನನ್ನು ಅದೇ ಬಾಗಿಲಿನಿಂದ ಕರೆದುಕೊಂಡು ಹೋದಳು.

ನಾನು ಮೇಜಿನ ಮುಂದೆ ಉಳಿದೆ. ಶೀಟಿನಲ್ಲಿ ತೊಲೊಮುಶ್ ಬರೆದಿದ್ದ ತಾಯಿಯ ಹೆಸರಿನ ಮೇಲೆ ಗೆರೆ ಎಳೆದೆ. ಕೆಳಗೆ ಷರಾ ಬರೆಯುವ ಜಾಗ ಪ್ರತಿ ವರ್ಷವೂ ಖಾಲಿ ಉಳಿಯುತ್ತದೆ. ಅಲ್ಲಿ ನನ್ನ ದುಂಡಗಿನ ಅಕ್ಷರದಲ್ಲಿ ಬರೆದೆ: ಜಿಯೆನ್ ಕೇಳಿದ ಪ್ರಶ್ನೆಗೆ ಉತ್ತರ. ಸಾಯ್ರಾಳನ್ನು ಈ ಬಾಗಿಲಿನಿಂದ ಆಚೆಗೆ ಕರೆದವನು ತೊಲೊಮುಶ್. ದಾರಿಗೆ ಅಡ್ಡ ನಿಂತವರ ಹೆಸರು ಒಂದೊಂದಾಗಿ ಕೆಳಗಿದೆ. ಹದಿನಾಲ್ಕು ಹೆಸರಿಗೆ ಜಾಗ ಸಾಲದೆ ಹಿಂಬದಿಗೂ ಹೋದೆ.

ಆಮೇಲೆ ಶೀಟನ್ನು ಸಹಿಗೆ ಹಿರಿಯರ ಮುಂದಿಟ್ಟೆ. ಇಬ್ಬರು ಎಂದಿನಂತೆ ಓದದೆ ಸಹಿ ಹಾಕಿದರು. ಸಾತಾರ್ ಅಜ್ಜ ಕನ್ನಡಕ ಹಾಕಿಕೊಂಡು ಎರಡೂ ಬದಿ ಓದಿದರು. ಹಿಂಬದಿಯಲ್ಲಿ ಅವರ ಹೆಸರೂ ಇತ್ತು. ಬಹಳ ಹೊತ್ತು ಪೆನ್ನು ಹಿಡಿದು ಕೂತರು. ನಾನು ಕದಲಲಿಲ್ಲ.

ಸಹಿ ಹಾಕಿದರು.